ಮೈಸೂರಿನ ಸಿಟಿ ಬಸ್ಸಿನಲ್ಲಿ ಒಂದು ದಿನ

ಮೈಸೂರಿಗೆ ಬಂದವರು ಏನನ್ನು ನೋಡಬೇಕೆಂದು ಹೇಳುವವರಿಗೆ ಕೊರತೆಯಿಲ್ಲ. ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಜಗನ್ಮೋಹನ ಚಿತ್ರಶಾಲೆ, ಸೇಂಟ್ ಫಿಲೋಮಿನಾ ಚರ್ಚು, ಸಂಜೆಗೆ ಬೃಂದಾವನ — ಈ ಪಟ್ಟಿಯನ್ನು ರೈಲಿನಿಂದಿಳಿದ ಪ್ರವಾಸಿಗನಿಗೆ ಆಟೋದವರೇ ಬಾಯಿಪಾಠವಾಗಿ ಒಪ್ಪಿಸಿಬಿಡುತ್ತಾರೆ. ಆದರೆ ಈ ಊರಿನಲ್ಲಿ ಬಾಳುವವರು ಮನೆಯಿಂದ ಕಚೇರಿಗೆ, ಕಾಲೇಜಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ದಿನವೂ ಹೋಗಿಬರುವುದು ಹೇಗೆ ಎಂಬುದನ್ನು ನೋಡಿ ಬನ್ನಿರೆಂದು ಯಾರೂ ಹೇಳುವುದಿಲ್ಲ. ಅದೂ ನೋಡತಕ್ಕ ನೋಟವೇ. ಊರಿನ ಐಶ್ವರ್ಯವನ್ನು ಅರಮನೆ ತೋರಿಸಬಹುದು. ಊರಿನ ಸ್ವಭಾವವನ್ನು ತೋರಿಸುವುದು ಸಿಟಿ ಬಸ್ಸು.

ಹೀಗೆಂದುಕೊಂಡು ನಾನು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಬಸ್ಸು ರೈಲುಗಳಲ್ಲಿಯೇ ಮೈಸೂರನ್ನು ಸುತ್ತಿ ಬರಬೇಕೆಂದು ಹೊರಟೆ. ಕೈಯಲ್ಲಿ ಒಂದು ಛತ್ರಿ, ಹೆಗಲಲ್ಲಿ ಒಂದು ಚೀಲ, ಜೇಬಿನಲ್ಲಿ ಚಿಲ್ಲರೆ — ಇಷ್ಟೇ ನನ್ನ ಪ್ರಯಾಣದ ಸಾಮಗ್ರಿ. ಆ ಸುತ್ತಾಟದಲ್ಲಿ ಕಂಡುದನ್ನೂ ಹೊಳೆದುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಟಾಂಗಾಗಳ ಊರು

ಮೈಸೂರು ಮೊದಲು ನಡೆದುಹೋಗುವವರ ಊರು. ಅನಂತರ ಟಾಂಗಾಗಳ ಊರು. ಕೋಟೆಯೊಳಗಿನ ಇಕ್ಕಟ್ಟಾದ ಬೀದಿಗಳಿಂದ ಅದು ಹೊರಗೆ ಹರಡಿಕೊಂಡದ್ದಕ್ಕೆ ಒಂದು ಕಾರಣ ಪ್ಲೇಗು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಮಾರಿ ಊರನ್ನು ಹೊಕ್ಕಾಗ, ಗಾಳಿ ಬೆಳಕಿರುವ ಹೊಸ ಬಡಾವಣೆಗಳು ಬೇಕೆಂಬ ವಿವೇಕ ಹುಟ್ಟಿತು. 1903ರಲ್ಲಿ ನಗರಾಭಿವೃದ್ಧಿ ಮಂಡಲಿ ಏರ್ಪಟ್ಟಿತು. ನಮ್ಮ ದೇಶದಲ್ಲಿ ಇಂಥ ಮಂಡಲಿಯನ್ನು ಕಂಡ ಮೊದಮೊದಲ ಊರುಗಳಲ್ಲಿ ಮೈಸೂರೂ ಒಂದು. ಅಗಲವಾದ ರಸ್ತೆಗಳು, ರಸ್ತೆಗಳು ಕೂಡುವಲ್ಲಿ ದುಂಡನೆಯ ವೃತ್ತಗಳು, ಸಾಲುಮರಗಳು — ಇಂದು ನಾವು ಮೈಸೂರಿನ ಸೊಬಗೆಂದು ಹೊಗಳುವುದರಲ್ಲಿ ಬಹುಭಾಗ ಆ ಕಾಲದ ದೂರದೃಷ್ಟಿಯ ಫಲ.

ಬೆಂಗಳೂರಿನಿಂದ ರೈಲುಹಾದಿ 1882ರಲ್ಲಿ ಮೈಸೂರನ್ನು ಮುಟ್ಟಿತು. 1891ರಲ್ಲಿ ನಂಜನಗೂಡಿನವರೆಗೂ ಸಾಗಿತು. ರೈಲಿಳಿದವರನ್ನು ಟಾಂಗಾ ಮನೆಬಾಗಿಲಿಗೆ ಮುಟ್ಟಿಸುತ್ತಿತ್ತು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ನಿಗಮದ ಹೆಸರೂ ಬದಲಾಯಿತು. ಇಡೀ ರಾಜ್ಯದ ಸರ್ಕಾರಿ ಬಸ್ಸುಗಳ ತವರು ಹೀಗೆ ಹಳೆಯ ಮೈಸೂರು ಸಂಸ್ಥಾನವೇ.

ನಿಗಮ ಹುಟ್ಟಿದ ವರ್ಷವೇ ನಡೆದ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. 2011ರ ಗಣತಿಯ ವೇಳೆಗೆ ಅದು ಸುಮಾರು 9 ಲಕ್ಷ. ಊರು ಮೂರು ಪಟ್ಟಿಗೂ ಮಿಗಿಲಾಗಿ ಬೆಳೆಯಿತು. ಬಸ್ಸಿನ ದಾರಿ ಮಾತ್ರ ಮೊದಲಿನಂತೆಯೇ ಅರಮನೆಯ ಕಡೆಗೇ ಮುಖ ಮಾಡಿಕೊಂಡಿದೆ. ನನ್ನ ಆ ದಿನದ ಸುತ್ತಾಟದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದುದು ಇದೊಂದೇ ಸಂಗತಿ.

ಚಕ್ರದ ಗುಂಬದಲ್ಲಿ

ಬೆಳಿಗ್ಗೆ ಎಂಟು ಗಂಟೆಗೆ ಕೃಷ್ಣರಾಜ ವೃತ್ತದ ಬಳಿಯ ನಗರ ಬಸ್ ನಿಲ್ದಾಣದಲ್ಲಿ ನಿಂತೆ. ಎಂತಹ ನೆರವಿ ಅದು! ಮಲ್ಲಿಗೆಯ ಕುಕ್ಕೆ ಹೊತ್ತ ಹೆಂಗಸರು, ದೇವರಾಜ ಮಾರುಕಟ್ಟೆಗೆ ಹೊರಟ ವೀಳ್ಯದೆಲೆಯ ಪೆಂಡಿಗಳು, ಮಹಾರಾಣಿ ಕಾಲೇಜಿನ ಹುಡುಗಿಯರು, ಕೆ.ಆರ್. ಆಸ್ಪತ್ರೆಯ ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದ ಮುದುಕರು, ಊಟದ ಡಬ್ಬಿಯ ಕಾರ್ಮಿಕರು. ಒಂದೊಂದು ಅಂಕಣದಿಂದಲೂ ಒಂದೊಂದು ದಿಕ್ಕಿಗೆ ಬಸ್ಸು. ಕುವೆಂಪುನಗರ, ವಿಜಯನಗರ, ಬೋಗಾದಿ, ಹೆಬ್ಬಾಳು, ಬನ್ನಿಮಂಟಪ, ಸಾತಗಳ್ಳಿ, ಶ್ರೀರಾಂಪುರ — ಊರಿನ ಮೂಲೆಮೂಲೆಯ ಹೆಸರುಗಳೆಲ್ಲ ಫಲಕಗಳ ಮೇಲೆ ಸಾಲಾಗಿ ಮೆರೆಯುತ್ತಿದ್ದುವು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ಮೈಸೂರಿನಲ್ಲಿ ಸಿಟಿ ಬಸ್ಸು ಹತ್ತಿದವರು ಕೆ.ಆರ್. ಸರ್ಕಲಿಗೆ ಬಾರದೆ ಇರುವುದು ಅಪರೂಪ. ಬಂಡಿಯ ಚಕ್ರವನ್ನು ನೆನೆಯಿರಿ. ನಡುವೆ ಗುಂಬ, ಅಲ್ಲಿಂದ ಸುತ್ತಲೂ ಹೊರಟ ಅರೆಕಾಲುಗಳು, ಅವುಗಳ ತುದಿಯನ್ನೆಲ್ಲ ಬಿಗಿದು ಹಿಡಿದ ಹೊರಪಟ್ಟಿ. ಮೈಸೂರಿನ ಬಸ್ಸುಗಳ ಚಕ್ರಕ್ಕೆ ಗುಂಬವಿದೆ, ಅರೆಕಾಲುಗಳಿವೆ. ಹೊರಪಟ್ಟಿಯದೇ ಕೊರತೆ.

ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು, ನಿವೃತ್ತ ಉಪಾಧ್ಯಾಯರು, ಇದನ್ನೇ ತಮ್ಮ ರೀತಿಯಲ್ಲಿ ಹೇಳಿದರು. "ನೋಡಿ ಸ್ವಾಮಿ, ನಮ್ಮ ಕಾಲದಲ್ಲಿ ಕೆಲಸವೆಲ್ಲ ಇಲ್ಲೇ ಇತ್ತು. ಕಚೇರಿ, ಕಾಲೇಜು, ಆಸ್ಪತ್ರೆ, ಅಂಗಡಿ, ಕೊನೆಗೆ ಸಿನಿಮಾ ಕೂಡ. ಬಸ್ಸು ಇಲ್ಲಿಗೆ ಬಂದರೆ ಸಾಕಾಗಿತ್ತು. ಈಗ ಮಗನ ಮನೆ ಒಂದು ಕೊನೆ, ಮಗಳ ಮನೆ ಇನ್ನೊಂದು ಕೊನೆ, ಸೊಸೆಯ ಕೆಲಸ ಮತ್ತೊಂದು ಕೊನೆ."

ಮೂರು ಬಾಗಿಲುಗಳೂ ಬೇರೆ ಬೇರೆಯೇ ಎಂಬುದನ್ನು ಹೊರಗಿನಿಂದ ಬಂದವರು ಬೇಗ ಅರಿಯುತ್ತಾರೆ. ರೈಲು ನಿಲ್ದಾಣ ಒಂದು ಕಡೆ. ಊರೂರುಗಳ ಬಸ್ಸು ಬರುವ ಗ್ರಾಮಾಂತರ ನಿಲ್ದಾಣ ಬೆಂಗಳೂರು–ನೀಲಗಿರಿ ರಸ್ತೆಯಲ್ಲಿ. ನಗರ ನಿಲ್ದಾಣ ಅರಮನೆಯ ಮಗ್ಗುಲಲ್ಲಿ. ಗಂಟುಮೂಟೆಯಿಲ್ಲದ ತರುಣನಿಗೆ ಈ ದೂರಗಳು ಲೆಕ್ಕವಲ್ಲ. ಮಗುವನ್ನು ಸೊಂಟಕ್ಕೇರಿಸಿದ ತಾಯಿಗೂ ಮೊಣಕಾಲು ನೋವಿನ ಅಜ್ಜಿಗೂ ಅದೇ ಒಂದು ಪ್ರಯಾಣ. ಈ ಮೂರನ್ನೂ ಬಿಡುವಿಲ್ಲದೆ ಸುತ್ತುವ ಒಂದು ಚಿಕ್ಕ ಬಸ್ಸಿನ ಸರಪಳಿಯಿದ್ದರೆ ಊರಿನ ಬಾಗಿಲಿನಲ್ಲಿಯೇ ಅತಿಥಿಗೆ ಸ್ವಾಗತ ಸಿಕ್ಕಂತಾಗುತ್ತದೆ.

ಬೆಟ್ಟದ ಮೇಲಿಂದ ಕಂಡ ನಕ್ಷೆ

201ನೆಯ ನಂಬರಿನ ಬಸ್ಸು ಚಾಮುಂಡಿಬೆಟ್ಟಕ್ಕೆ ಹೋಗುವುದು ಮೈಸೂರಿನ ಮಕ್ಕಳಿಗೂ ಗೊತ್ತು. ಅದನ್ನು ಹತ್ತಿದೆ. ತಿರುವು ತಿರುವಿಗೂ ಊರು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾ ಹೋಯಿತು. ಒಂದೆಡೆ ಬೆಳ್ಳಗೆ ಲಲಿತಮಹಲು, ಇನ್ನೊಂದೆಡೆ ಕಾರಂಜಿಕೆರೆಯ ನೀರು, ನಡುವೆ ಅರಮನೆಯ ಗೋಪುರಗಳು.

ದೇವಿಯ ದರ್ಶನ ಮುಗಿಸಿ ಕೆಳಗಿನ ಬಯಲನ್ನು ನೋಡಿದರೆ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ. ಹಳೆಯ ಊರು ಮರಗಳ ಹಸಿರಿನಲ್ಲಿ ಮುಚ್ಚಿಹೋಗಿದೆ. ಅದರಾಚೆ ಮರಗಳು ವಿರಳವಾಗಿ, ಬಣ್ಣಬಣ್ಣದ ಮನೆಗಳ ರಾಶಿ ದಿಗಂತದವರೆಗೂ ಚೆಲ್ಲಿಕೊಂಡಿದೆ. ಊರನ್ನು ಬಳಸಿ ಬರುವ ವರ್ತುಲ ರಸ್ತೆಯ ಉದ್ದ ಸುಮಾರು 42 ಕಿಲೋಮೀಟರು. ನಂಜನಗೂಡು ರಸ್ತೆ, ಮಾನಂದವಾಡಿ ರಸ್ತೆ, ಬೋಗಾದಿ ರಸ್ತೆ, ಹುಣಸೂರು ರಸ್ತೆ, ಕೆ.ಆರ್.ಎಸ್. ರಸ್ತೆ, ಬೆಂಗಳೂರು ರಸ್ತೆ, ಬನ್ನೂರು ರಸ್ತೆ, ತಿರುಮಕೂಡಲು ನರಸೀಪುರದ ರಸ್ತೆ — ಇವನ್ನೆಲ್ಲ ಅದು ಹಾರದ ದಾರದಂತೆ ಪೋಣಿಸುತ್ತದೆ. 2020ರ ಸುಮಾರಿಗೆ ಹೂಟಗಳ್ಳಿ ನಗರಸಭೆಯೂ ಬೋಗಾದಿ, ಶ್ರೀರಾಂಪುರ, ಕಡಕೊಳ, ರಮ್ಮನಹಳ್ಳಿ ಪಟ್ಟಣ ಪಂಚಾಯಿತಿಗಳೂ ರೂಪುಗೊಂಡವು. ಊರು ತನ್ನ ಗಡಿಯನ್ನು ದಾಟಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏತಕ್ಕೆ?

ಮೇಲಿನಿಂದ ನೋಡುವಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಇಂದಿನ ಮೈಸೂರಿನ ಜೀವ ನಡುವಿನಲ್ಲಿ ಮಾತ್ರ ಇಲ್ಲ. ಹೆಬ್ಬಾಳು ಹೂಟಗಳ್ಳಿಗಳ ಕಾರ್ಖಾನೆಗಳು, ಗಣಕಯಂತ್ರದ ಕಂಪನಿಗಳು, ಹೊರವಲಯದ ದೊಡ್ಡ ಆಸ್ಪತ್ರೆಗಳು, ಶಾಲಾ ಕಾಲೇಜುಗಳು ಅಂಚಿನಲ್ಲಿಯೇ ಬೆಳೆದು ನಿಂತಿವೆ. ಜನ ಅಂಚಿನಿಂದ ಅಂಚಿಗೆ ಹೋಗಬೇಕಾಗಿದೆ. ಬಸ್ಸು ಅವರನ್ನು ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಒಯ್ಯುತ್ತಿದೆ.

ಕೊಂಕಣ ಸುತ್ತಿ ಮೈಲಾರಕ್ಕೆ

ಮಧ್ಯಾಹ್ನ ಕುವೆಂಪುನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ಹೆಣ್ಣುಮಗಳೊಬ್ಬಳನ್ನು ಮಾತನಾಡಿಸಿದೆ. ಮನೆ ದಟ್ಟಗಳ್ಳಿಯ ಕಡೆ. ಕೆಲಸ ಹೆಬ್ಬಾಳಿನ ಒಂದು ಸಣ್ಣ ಕಾರ್ಖಾನೆಯಲ್ಲಿ. "ಎರಡು ಬಸ್ಸು ಸಾರ್. ಮೊದಲು ಸಿಟಿಗೆ ಬರಬೇಕು, ಅಲ್ಲಿಂದ ಇನ್ನೊಂದು" ಎಂದಳು. ವರ್ತುಲ ರಸ್ತೆಯಲ್ಲಿ ಬೋಗಾದಿ, ಹಿನಕಲ್ಲುಗಳನ್ನು ದಾಟಿದರೆ ಹೆಬ್ಬಾಳು ದೂರವೇನೂ ಅಲ್ಲ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದರೆಂಬ ಮಾತು ಇಂಥ ಪ್ರಯಾಣಕ್ಕೇ ಹುಟ್ಟಿರಬೇಕು.

"ಸ್ಕೂಟರು ಕೊಳ್ಳಲಿಲ್ಲವೇ?" ಎಂದೆ.

"ಅಣ್ಣ ಕೊಂಡುಕೊಂಡ. ನನಗೂ ಒಂದು ತೆಗೆದುಕೊಳ್ಳಬೇಕು ಅಂತ ಅಮ್ಮ ಚೀಟಿ ಹಾಕಿದ್ದಾರೆ" ಎಂದು ನಕ್ಕಳು.

ಆ ನಗೆಯಲ್ಲಿ ಊರಿನ ಭವಿಷ್ಯವೇ ಅಡಗಿದೆಯೆಂದು ನನಗೆ ತೋರಿತು. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತು. ಅವಳ ಕೈಯಲ್ಲಿದ್ದುದು ಶೂನ್ಯ ದರದ ಚೀಟಿ. ಹಣ ಖರ್ಚಾಗುವುದಿಲ್ಲ, ಆದರೂ ಸಾವಿರಾರು ರೂಪಾಯಿ ಸಾಲ ಮಾಡಿ ಸ್ಕೂಟರು ಕೊಳ್ಳುವ ಯೋಚನೆ! ಅಂದ ಮೇಲೆ ಬಸ್ಸಿನಲ್ಲಿ ಜನ ತೆರುವ ನಿಜವಾದ ಬೆಲೆ ಹಣವಲ್ಲ, ಹೊತ್ತು. ಆ ಹೊತ್ತನ್ನು ಉಳಿಸಿಕೊಟ್ಟರೆ ಅವಳು ಬಸ್ಸಿನಲ್ಲಿಯೇ ಉಳಿಯುತ್ತಾಳೆ. ಇಲ್ಲವಾದರೆ ಬರುವ ವರ್ಷ ಅವಳೂ ಒಂದು ಸ್ಕೂಟರಿನ ಮೇಲೆ ರಸ್ತೆಗಿಳಿಯುತ್ತಾಳೆ. ಒಬ್ಬಳಲ್ಲ, ಅವಳಂಥ ಸಾವಿರಾರು ಮಂದಿ. ಆಗ ರಸ್ತೆ ಸಾಲದೆಂದು ಅಗಲ ಮಾಡಬೇಕಾಗುತ್ತದೆ. ಅಗಲ ಮಾಡುವುದಕ್ಕೆ ಮರ ಕಡಿಯಬೇಕಾಗುತ್ತದೆ. ಮರ ಕಡಿದ ಮೇಲೆ ಮೈಸೂರಿನಲ್ಲಿ ಮೈಸೂರು ಎಷ್ಟು ಉಳಿದೀತು?

ವರ್ತುಲ ರಸ್ತೆಯನ್ನು ಸುತ್ತುವ ಬಸ್ಸು ಊಹೆಯ ಮಾತಲ್ಲ. ಬೆಂಗಳೂರಿನಲ್ಲಿ ಹೊರವರ್ತುಲ ರಸ್ತೆಯ ಮೇಲೆ ಓಡುವ 500ರ ಸರಣಿಯ ಬಸ್ಸುಗಳು ಮೆಜೆಸ್ಟಿಕ್ಕಿನ ಮುಖವನ್ನೇ ನೋಡದೆ ಊರಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಜನರನ್ನು ಒಯ್ಯುತ್ತ ಬಂದಿವೆ. ಮೈಸೂರಿನಲ್ಲಿ ಪಟ್ಟಿಯನ್ನು ಕೂಡಿಸುವ ಮೊಳೆಗಳೂ ಕೆಲಮಟ್ಟಿಗೆ ಸಿದ್ಧವಾಗಿವೆ. ಸಾತಗಳ್ಳಿಯಲ್ಲಿಯೂ ಕುವೆಂಪುನಗರದಲ್ಲಿಯೂ ಬಸ್ ನಿಲ್ದಾಣಗಳು ಕಟ್ಟಲ್ಪಟ್ಟಿವೆ. ಅವನ್ನು ಅರೆಕಾಲಿನ ತುದಿಗಳೆಂದು ಎಣಿಸದೆ ಚಿಕ್ಕ ಚಿಕ್ಕ ಗುಂಬಗಳನ್ನಾಗಿ ಮಾಡಿ, ಅಲ್ಲಿಂದ ಬಡಾವಣೆಯ ಒಳಬೀದಿಗಳಿಗೆ ಚಿಕ್ಕ ಬಸ್ಸುಗಳನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ.

ಒಂದು ಸ್ವಾರಸ್ಯವುಂಟು. ವಿಜಯದಶಮಿಯ ದಿನ ಜಂಬೂಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಸಾಗುತ್ತದಷ್ಟೆ. ಅಂದು ಊರಿನ ನಡುಭಾಗ ಆನೆಗಳದು, ಜನಸಾಗರದ್ದು; ಬಸ್ಸುಗಳಿಗೆ ಅಲ್ಲಿ ಎಡೆಯಿಲ್ಲ. ಅವು ಬೇರೆ ದಾರಿಗಳನ್ನು ಹಿಡಿಯುತ್ತವೆ. ಗುಂಬವನ್ನು ಮುಟ್ಟದೆ ಬಸ್ಸು ಓಡಿಸುವ ವಿದ್ಯೆಯನ್ನು ವರ್ಷಕ್ಕೊಮ್ಮೆ ಚಾಮುಂಡೇಶ್ವರಿಯೇ ನಮಗೆ ಕಲಿಸಿಕೊಡುತ್ತಾಳೆ. ಉಳಿದ ದಿನಗಳಲ್ಲಿ ಅದನ್ನು ಮರೆಯುವವರು ನಾವು.

ಅಂಗೈಯಲ್ಲಿ ಬೆಣ್ಣೆ

ಮೂರು ಗಂಟೆಯ ಮೇಲೆ ರೈಲು ನಿಲ್ದಾಣಕ್ಕೆ ಬಂದು ಚಾಮರಾಜನಗರದ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತೆ. ಮೈಸೂರಿಗರಲ್ಲಿ ಎಷ್ಟು ಮಂದಿ ಈ ಹಾದಿಯನ್ನು ಊರೊಳಗಿನ ಹಾದಿಯೆಂದು ಬಗೆದಿದ್ದಾರೋ ತಿಳಿಯದು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆಲ್ಲ ಕುಕ್ಕರಹಳ್ಳಿಯ ಗೇಟು. ಆಮೇಲೆ ಚಾಮರಾಜಪುರಂ ನಿಲ್ದಾಣ. ಅದಾದ ಮೇಲೆ ಅಶೋಕಪುರಂ. ಅಲ್ಲಿ 1924ರಲ್ಲಿ ಸ್ಥಾಪಿತವಾದ ರೈಲ್ವೆ ಕಾರ್ಯಾಗಾರ. ಮುಂದೆ ಕಡಕೊಳ, ಆಮೇಲೆ ಶ್ರೀಕಂಠೇಶ್ವರನ ನಂಜನಗೂಡು. ಅಲ್ಲಿ ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆಯಿದೆ. ಒಂದು ಕಾಲಕ್ಕೆ ಬಂಡಿಯನ್ನೂ ರೈಲನ್ನೂ ಹೊತ್ತು ನಿಂತಿದ್ದ ಪುಣ್ಯಾತ್ಮ ಅದು.

ಬೇರೆ ಊರುಗಳು ಕೋಟ್ಯಂತರ ರೂಪಾಯಿ ಸುರಿದು ಊರಿನ ನಡುವೆ ಹಳಿ ಹಾಸುವುದಕ್ಕೆ ಹೆಣಗುತ್ತಿವೆ. ಮೈಸೂರಿನಲ್ಲಿ ಹಳಿ ನಡುವಿನಲ್ಲಿಯೇ ಹಾದುಹೋಗಿದೆ. ದಕ್ಷಿಣಕ್ಕೆ ನಂಜನಗೂಡು, ಉತ್ತರಕ್ಕೆ ನಾಗನಹಳ್ಳಿ ಶ್ರೀರಂಗಪಟ್ಟಣ, ವಾಯವ್ಯಕ್ಕೆ ಬೆಳಗೊಳ ಕೃಷ್ಣರಾಜಸಾಗರ — ಮೂರು ದಿಕ್ಕಿಗೂ ಹಳಿಯುಂಟು. ಬೆಳಿಗ್ಗೆ ಸಂಜೆ ಈ ಹಾದಿಗಳಲ್ಲಿ ನಾಲ್ಕಾರು ಡಬ್ಬಿಯ ಚಿಕ್ಕ ಗಾಡಿಗಳು ಹೊತ್ತುಹೊತ್ತಿಗೆ ಓಡಾಡಿ, ಚಾಮರಾಜಪುರಂ ಅಶೋಕಪುರಂಗಳ ಬಾಗಿಲಲ್ಲಿಯೇ ಸಿಟಿ ಬಸ್ಸು ಕಾದು ನಿಲ್ಲುವಂತಾದರೆ, ನಂಜನಗೂಡಿನ ಕಾರ್ಖಾನೆಗೆ ಹೋಗುವವನಿಗೂ ಮಾನಸಗಂಗೋತ್ರಿಗೆ ಬರುವ ವಿದ್ಯಾರ್ಥಿಗೂ ಎಷ್ಟು ಸೌಕರ್ಯ! ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆಯುವುದು ಬೇಡ. ದೂರದ ಗಾಡಿಗಳ ನಡುವೆ ಚಿಕ್ಕ ಗಾಡಿಗಳಿಗೆ ಎಡೆ ಮಾಡಿಕೊಡುವುದು ಸುಲಭವಲ್ಲವೆಂಬುದು ನಿಜ. ಆದರೆ ಹೊಸ ಹಳಿ ಹಾಸುವುದಕ್ಕಿಂತ ಅದು ಎಷ್ಟೋ ಸುಲಭ.

ಹೊತ್ತಿನ ಲೆಕ್ಕ

ಮೈಸೂರು ಹೊಸತಕ್ಕೆ ಅಂಜುವ ಊರಲ್ಲ. ಸಿಟಿ ಬಸ್ಸುಗಳು ಎಲ್ಲಿವೆ, ಎಷ್ಟು ನಿಮಿಷಕ್ಕೆ ಬರುತ್ತವೆಂದು ನಿಲ್ದಾಣದ ಫಲಕದಲ್ಲಿ ತೋರಿಸುವ ಏರ್ಪಾಡು 2012ರಲ್ಲಿ ಇಲ್ಲಿ ಆರಂಭವಾಯಿತು. ವಿಶ್ವಬ್ಯಾಂಕಿನ ಮೂಲಕ ದೊರೆತ ನೆರವಿನಿಂದ ಸುಮಾರು 500 ಬಸ್ಸುಗಳಿಗೆ ಇದನ್ನು ಅಳವಡಿಸಲಾಯಿತು; ಇದಕ್ಕೆ 'ಮಿತ್ರ'ವೆಂದು ಹೆಸರು. ನಮ್ಮ ದೇಶದ ಸಿಟಿ ಬಸ್ಸುಗಳಲ್ಲಿ ಇಂಥ ಏರ್ಪಾಡನ್ನು ಮೊದಲಿಗೆ ಕಂಡ ಊರುಗಳಲ್ಲಿ ಮೈಸೂರು ಮುಂದಿನ ಸಾಲಿನದು. 2017ರ ಜೂನಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಇಂಪಾದ ಹೆಸರಿನಿಂದ 450 ಬಾಡಿಗೆ ಸೈಕಲ್ಲುಗಳು ಬೀದಿಗಿಳಿದವು. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಕೀರ್ತಿ ಪಡೆದ ಊರಿಗೆ ಇವೆಲ್ಲ ಒಪ್ಪುವಂಥ ಸಾಹಸಗಳೇ.

ಆದರೆ ಇವುಗಳಿಂದ ಕಲಿಯಬೇಕಾದ ಪಾಠವೊಂದುಂಟು. ಬಸ್ಸು ಯಾವಾಗ ಬರುತ್ತದೆಂದು ಹೇಳುವ ಫಲಕ ಒಳ್ಳೆಯದೇ. ಹತ್ತು ನಿಮಿಷಕ್ಕೊಂದು ಬಸ್ಸು ಬರುವುದಾದರೆ ಫಲಕವನ್ನು ನೋಡುವ ಅಗತ್ಯವೇ ಬಾರದು. ಸೈಕಲ್ಲು ಒಳ್ಳೆಯದೇ; ಬಸ್ಸಿಳಿದ ಕಡೆ ಸೈಕಲ್ಲು ಸಿಕ್ಕರೆ ಮಾತ್ರ ಅದು ಸಾರಿಗೆ, ಇಲ್ಲವಾದರೆ ಬರಿಯ ವಿಹಾರ. ಯಂತ್ರಗಳನ್ನು ತರುವುದು ಒಂದು ದಿನದ ಸಮಾರಂಭ. ಅವು ಒಂದನ್ನೊಂದು ಕೈಹಿಡಿದು ನಡೆಯುವಂತೆ ನೋಡಿಕೊಳ್ಳುವುದು ದಿನನಿತ್ಯದ ಗೃಹಕೃತ್ಯ. ಸಂಸಾರ ನಡೆಸುವವರಿಗೆ ಇವೆರಡರ ಭೇದ ಚೆನ್ನಾಗಿ ಗೊತ್ತು.

ಮೈಸೂರಿಗೂ ಬೆಂಗಳೂರಿನಂತೆ ಮೆಟ್ರೋ ಬರಬೇಕೆಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆಸೆಗೇನು ಕೊರತೆ? ಸ್ವಿಟ್ಜರ್ಲೆಂಡಿನ ಜೂರಿಕ್ ನಗರದವರಿಗೂ ನೆಲದಡಿಯ ರೈಲಿನ ಆಸೆ ತೋರಿಸಲಾಗಿತ್ತು. 1973ರಲ್ಲಿ ಆ ಊರಿನ ಮತದಾರರು ಅದನ್ನು ಬೇಡವೆಂದರು. ಇರುವ ಟ್ರಾಮು ಬಸ್ಸುಗಳಿಗೇ ರಸ್ತೆಯಲ್ಲಿ ಮೊದಲ ಮರ್ಯಾದೆ ಕೊಟ್ಟು, ಅವು ಬಂದಾಗ ಕೂಡುರಸ್ತೆಯ ದೀಪಗಳು ಹಸಿರಾಗುವಂತೆ ಮಾಡಿ, ಜಗತ್ತೇ ಮೆಚ್ಚುವ ಸಾರಿಗೆಯನ್ನು ಕಟ್ಟಿಕೊಂಡರು. ಅಷ್ಟು ದೂರ ಏಕೆ? ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಿಂದ 'ಚಿಗರಿ' ಬಸ್ಸುಗಳು ತಮಗಾಗಿಯೇ ಮೀಸಲಾದ ದಾರಿಯಲ್ಲಿ ಸುಮಾರು 22 ಕಿಲೋಮೀಟರು ಓಡುತ್ತಿವೆ. ಮೈಸೂರಿನ ಇಕ್ಕಟ್ಟಾದ ಹಳೆಯ ಬೀದಿಗಳಲ್ಲಿ ಅದು ಸಾಧ್ಯವಾಗದು. ಆರು ಸಾಲಿನ ವರ್ತುಲ ರಸ್ತೆಯಲ್ಲಿ ಬಸ್ಸಿಗೆಂದು ಒಂದು ಸಾಲನ್ನು ಬಿಟ್ಟುಕೊಡುವುದಕ್ಕೆ ಅಡ್ಡಿಯೇನು? ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಒಪ್ಪಿದ ಯೋಜನೆಯೊಂದರಲ್ಲಿ, ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗಾಗಿ 10,000 ವಿದ್ಯುತ್ ಬಸ್ಸುಗಳ ಮಾತಿದೆ. ಹೊಗೆಯುಗುಳದ ಬಸ್ಸು ಅರಮನೆಯ ಊರಿಗೆ ತಕ್ಕುದೇ. ಆದರೆ ಹೊಸ ಬಸ್ಸನ್ನು ಹಳೆಯ ದಾರಿಯಲ್ಲಿಯೇ ಓಡಿಸಿದರೆ ಹೊಗೆ ಕಡಮೆಯಾದೀತು, ಸುತ್ತು ಕಡಮೆಯಾಗದು.

ಮೈಸೂರಿಗಿರುವ ಭಾಗ್ಯವೆಂದರೆ ಅದು ಇನ್ನೂ ಕೈಮೀರಿ ಬೆಳೆದಿಲ್ಲ. ಬೆಂಗಳೂರು ಬೆಳೆದ ಮೇಲೆ ದಾರಿ ಹುಡುಕಬೇಕಾಯಿತು. ಮೈಸೂರು ಬೆಳೆಯುತ್ತಿರುವಾಗಲೇ ದಾರಿ ಹಾಕಿಕೊಳ್ಳಬಹುದು. 2023ರ ಮಾರ್ಚಿನಲ್ಲಿ ಬೆಂಗಳೂರಿನ ಹತ್ತು ಸಾಲಿನ ಹೆದ್ದಾರಿ ತೆರೆದ ಮೇಲೆ ಎರಡು ಊರುಗಳ ನಡುವಣ ದೂರವೂ ಕುಗ್ಗಿದಂತಾಗಿದೆ. ವಾಹನಗಳ ಹೊನಲು ಇನ್ನು ಹೆಚ್ಚುವುದೇ ಹೊರತು ಇಳಿಯದು. ಕಾಲ ಇದೆ, ಆದರೆ ಬಹಳ ಇಲ್ಲ.

ಸಂಜೆ ಏಳರ ಹೊತ್ತಿಗೆ ನಗರ ನಿಲ್ದಾಣದ ಜನಸಂದಣಿ ಮತ್ತೆ ತುಂಬಿ ಬಂದಿತ್ತು. ಬೆಳಿಗ್ಗೆ ಬಂದವರೆಲ್ಲ ಈಗ ಮನೆಗೆ ಮರಳಬೇಕು. ಅವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಇಲ್ಲಿ ಕೆಲಸವಿತ್ತು, ಎಷ್ಟು ಮಂದಿ ಬಸ್ಸು ಬದಲಾಯಿಸುವುದಕ್ಕಷ್ಟೇ ಬಂದಿದ್ದರು? ಸಾರಿಗೆಯ ಲೆಕ್ಕವನ್ನು ಇಡುವವರು ಒಂದು ದಿನ ಈ ಒಂದು ಪ್ರಶ್ನೆಯನ್ನು ಇಲ್ಲಿ ನಿಂತವರಿಗೆ ಕೇಳಿ ಬರೆದುಕೊಂಡರೆ ಸಾಕು. ಹೊರಪಟ್ಟಿಯನ್ನು ಎಲ್ಲಿಂದ ಬಿಗಿಯತೊಡಗಬೇಕೆಂಬುದನ್ನು ಪ್ರಯಾಣಿಕರೇ ಹೇಳಿಕೊಡುತ್ತಾರೆ.